ಕಥೆ ಆಮೇಲೆ, ಮೊದಲು ನಿದ್ದೆ

ಆಪ್ತಸಮಾಲೋಚನೆಗೆ ನನ್ನ ಹತ್ರ ಬಂದಿದ್ದ ಒಬ್ಬ ಹೆಂಗಸಿನ ಕಥೆ ಇದು. ಗುರುತು ಸಿಗದ ಹಾಗೆ ಊರು, ಮನೆಯವರ ವಿವರ ಎಲ್ಲ ಬದಲಾಯಿಸಿದೀನಿ, ಅವರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡೇ ಬರೀತಿರೋದು. ಇಲ್ಲಿ ಅಕ್ಕ ಅಂತಲೇ ಕರೀತೀನಿ, ಎದುರಿಗೂ ಹಾಗೇ ಕರೀತಿದ್ದೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆಯೆಲ್ಲ ಗುಡ್ಡ ಜರೀತಲ್ಲ, ಆಗ ಮನೆ ಕಳ್ಕೊಂಡವರು ಇವರು. ಮನೆ ಜೊತೆ ಅತ್ತೆನೂ ಹೋದ್ರು. ನನ್ನ ಹತ್ರ ಬಂದಿದ್ದು 2021ರ ಮಳೆಗಾಲ ಮುಗಿದ ಮೇಲೆ, ಮಗ ಕರ್ಕೊಂಡು ಬಂದಿದ್ದ. ಜೂನ್ ಬಂತು ಅಂದ್ರೆ ಅಮ್ಮ ರಾತ್ರಿ ಮಲಗೋದೇ ಇಲ್ಲ, ಬಾಗಿಲ ಪಕ್ಕ ಕುರ್ಚಿ ಹಾಕ್ಕೊಂಡು ತೊಡೆ ಮೇಲೆ ಬ್ಯಾಗ್ ಇಟ್ಕೊಂಡು ಕೂತಿರ್ತಾರೆ, ಬ್ಯಾಗಲ್ಲಿ ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕು, ಒಂದು ಟಾರ್ಚು. ಎಲ್ಲಾದ್ರೂ ಜೆಸಿಬಿ ಸದ್ದು ಕೇಳಿದ್ರೆ ಕೈಕಾಲು ನಡುಕ ಬಂದು ಇದ್ದಲ್ಲೇ ಕುಸಿದು ಕೂತ್ಬಿಡ್ತಾರೆ. ನೆಂಟರೆಲ್ಲ ಹೇಳೋದು ಒಂದೇ ಮಾತು, ಹೊಸ ಮನೆ ಸಿಕ್ತಲ್ಲ, ಪರಿಹಾರನೂ ಬಂತಲ್ಲ, ಇನ್ನೇನು.

ಮೊದಲ ದಿನ ಕೂತ ತಕ್ಷಣ ಅಕ್ಕ ಆ ರಾತ್ರಿ ಕಥೆ ಶುರು ಮಾಡಿದ್ರು. ಗೋಡೆ ನೋಡ್ಕೊಂಡು, ಬಾಯಿಪಾಠ ಒಪ್ಪಿಸೋ ಹಾಗೆ. ಟಿವಿಯವರು, ಅಧಿಕಾರಿಗಳು, ಅಕ್ಕಿ ಬೇಳೆ ಕೊಡೋಕೆ ಬಂದವರು, ಎಲ್ಲರೂ ಅದನ್ನೇ ಕೇಳಿದ್ದು, ನಾನೂ ಅದಕ್ಕೇ ಕೂತಿರೋದು ಅಂತ ಅವರು ಅಂದ್ಕೊಂಡಿದ್ರು. ಕೈ ಮುಟ್ಟಿದೆ, ಐಸ್ ಥರ ತಣ್ಣಗಿತ್ತು. ತಡೆದೆ. "ಅಕ್ಕ, ಅದನ್ನ ಇವತ್ತು ಹೇಳ್ಲೇಬೇಕು ಅಂತಿಲ್ಲ. ನಿನ್ನೆ ರಾತ್ರಿ ಎಷ್ಟೊತ್ತು ಮಲಗಿದ್ರಿ, ಅದು ಹೇಳಿ." ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಇದನ್ನ ಯಾರೂ ಕೇಳಿರ್ಲಿಲ್ಲ" ಅಂದ್ರು.

ಎಲ್ಲ ಹೇಳ್ಕೊಂಡ್ಬಿಟ್ರೆ ಮನಸ್ಸು ಹಗುರ ಆಗುತ್ತೆ ಅಂತ ನಾವೆಲ್ಲ ನಂಬಿದೀವಿ. ಆಘಾತದ ವಿಷಯದಲ್ಲಿ ಅದು ಯಾವಾಗಲೂ ನಿಜ ಅಲ್ಲ, ಅನಾಹುತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಎಲ್ಲ ಬಿಡಿಸಿ ಹೇಳಿಸೋ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳುತ್ತೆ. ಆ ರಾತ್ರಿ ಮುಗಿದಿದೆ ಅಂತ ಅಕ್ಕನ ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಮೈಗೆ ಗೊತ್ತಾಗೋ ಮುಂಚೆ ಕಥೆ ಹೇಳಿಸಿದ್ರೆ ಅವರು ಮತ್ತೆ ಅದೇ ಮಣ್ಣೊಳಗೆ ನಿಂತಂಗೆ.

ಅದಕ್ಕೆ ಮೊದಲು ನಿದ್ದೆ. ಮೆಡಿಕಲ್ ಶಾಪಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗ್ತಿದ್ರು, ಆ ಜಾತಿ ಮಾತ್ರೆ ಬೇಗ ಅಭ್ಯಾಸ ಆಗಿಬಿಡುತ್ತೆ, ಅದಕ್ಕೆ ಮನೋವೈದ್ಯರ ಹತ್ರ ಕಳಿಸ್ದೆ, ಅವರು ನಿಧಾನಕ್ಕೆ ಅದನ್ನ ಬಿಡಿಸಿ ಬೇರೆ ಔಷಧಿ ಕೊಟ್ರು. ಉಸಿರಾಟದ ಕಡೆ ಗಮನ ಇಡಿ ಅಂತ ನಾನು ಹೇಳಿದ್ದು ಅಕ್ಕನಿಗೆ ಆಗಲಿಲ್ಲ, ಉಸಿರು ನೋಡಿದಷ್ಟೂ ಎದೆ ಇನ್ನೂ ಬಿಗಿಯುತ್ತೆ ಅಂದ್ರು (ಹೀಗೆ ಆಗೋರು ಬೇಕಾದಷ್ಟು ಜನ ಇದ್ದಾರೆ, ಬಲವಂತ ಮಾಡಬಾರದು). ಕೊನೆಗೆ ಏಲಕ್ಕಿ ಅವರೇ ಹುಡುಕಿದ್ದು. ಸೆರಗಿನ ತುದಿಗೆ ಎರಡು ಕಾಯಿ ಕಟ್ಕೊಂಡು, ಮಳೆ ಜೋರಾದಾಗ ಒಂದನ್ನ ಉಗುರಿಂದ ಬಿಡಿಸಿ ಮೂಸಿ, ಎರಡೂ ಪಾದ ನೆಲಕ್ಕೆ ಒತ್ತಿ, ಬಾಯಿಬಿಟ್ಟು ಹೇಳ್ಕೊಳ್ಳೋದು: ಇದು ಹೊಸ ಮನೆ, ಇವತ್ತು ಇಂಥ ತಾರೀಖು, ಮಗ ಒಳಗೆ ಮಲಗಿದಾನೆ.

ಆದ್ರೆ ಏನೂ ಆಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. 2019ರಲ್ಲಿ ತೋರ ಅನ್ನೋ ಹಳ್ಳಿಯಲ್ಲಿ, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಜರಿದು ಜನ ಸತ್ತಿದಾರೆ, ಕೊಡಗಿನವರ ಮಳೆ ಭಯದಲ್ಲಿ ಅರ್ಧ ಎಚ್ಚರಿಕೆ. ಆ ಅರ್ಧನ ಉಳಿಸ್ಕೊಂಡ್ವಿ. ಬ್ಯಾಗ್ ಇರಲಿ, ತೊಡೆ ಮೇಲೆ ಅಲ್ಲ, ಬಾಗಿಲ ಹಿಂದಿನ ಮೊಳೆಗೆ. ಮಳೆ ಸೂಚನೆ ಮಗ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ನೋಡಿ ಹೇಳ್ಬೇಕು, ರೆಡ್ ಅಲರ್ಟ್ ಇದ್ರೆ ಕುಶಾಲನಗರದಲ್ಲಿರೋ ತಂಗಿ ಮನೆಗೆ. ವಾಟ್ಸಾಪಲ್ಲಿ ಹಳೇ ವಿಡಿಯೋ ಕಳಿಸೋ ಗ್ರೂಪಿಂದ ಆಚೆ.

ಏಳನೇ ಸಲ ಬಂದಾಗ ಅವರಾಗೇ ಬಾಯಿ ಬಿಟ್ರು, ಕನ್ನಡ ಬಿಟ್ಟು ಮನೆಯ ಅರೆಭಾಷೆಗೆ ಹೋದ್ರು. ಅತ್ತೆ ಹಟ್ಟಿಯಲ್ಲಿದ್ದ ಹಸು ಬಿಚ್ಚೋಕೆ ವಾಪಸ್ ಓಡಿದ್ರಂತೆ, ಇವರು ರಟ್ಟೆ ಹಿಡಿದು ಎಳೆದ್ರು, ಅತ್ತೆ ಕೊಡವಿಕೊಂಡ್ರು. "ನಾನು ಕೈ ಬಿಟ್ಟೆ." ನಿಮ್ದೇನೂ ತಪ್ಪಿಲ್ಲ ಅಂತ ನಾನು ಹೇಳಲಿಲ್ಲ, ಮೂರು ವರ್ಷದಿಂದ ಎಲ್ಲರೂ ಹೇಳಿದ್ರು, ಒಂದು ಸಲನೂ ಒಳಗೆ ಇಳಿದಿರಲಿಲ್ಲ. "ಅಕ್ಕ, ಇನ್ನೊಂದು ಕೈಯಲ್ಲಿ ಏನಿತ್ತು?" ಅಂದೆ. ತುಂಬಾ ಹೊತ್ತು ಸುಮ್ಮನಿದ್ರು. ಎಡಗೈ ತಾನಾಗೇ ಮೇಲೆದ್ದು ಸೊಂಟದ ಹತ್ರ ಮಡಚಿಕೊಳ್ತು. "ಮೈದುನನ ಮಗು" ಅಂದ್ರು. ಆಮೇಲೆ ಅತ್ತರು, ನಾನು ನೀರು ಕೂಡ ಕೊಡದೆ ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಮನೆಯವರಿಗೆ ಹೇಳಿದ್ದು ಇಷ್ಟೇ. ಮರೆತುಬಿಡು ಅನ್ನಬೇಡಿ. ಕಥೆ ಕೆದಕಬೇಡಿ, ಅವರಾಗೇ ಶುರು ಮಾಡಿದ್ರೆ ಅರ್ಧಕ್ಕೆ ತಡೀಬೇಡಿ. ನಡುಕ ಬಂದಾಗ ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ಹೆಸರು ಹಿಡಿದು ಮಾತಾಡಿಸಿ. ಇಂಥ ಸ್ಥಿತಿಯಲ್ಲಿ ನಿಮ್ಮವರು ಯಾರಾದ್ರೂ ಇದ್ರೆ, ಹತ್ತಿರ ಯಾರೂ ಇಲ್ಲ ಅಂದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಅಕ್ಕನ ಮನೇಲಿ ಅತ್ತೆ ಹೋದ ಮೇಲೆ ಆಟಿ ಹದಿನೆಂಟಕ್ಕೆ (ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ ಬರುತ್ತೆ) ಮದ್ದು ಸೊಪ್ಪಿನ ಪಾಯಸ ಮಾಡಿರಲಿಲ್ಲ, ಅದು ಅತ್ತೆ ಕೈ ಅಡುಗೆ. 2022ರ ಆಗಸ್ಟ್ 3ಕ್ಕೆ ಸಂಜೆ ಫೋನ್ ಬಂತು, ಹಿಂದೆ ಮಳೆ ಸದ್ದು ನನಗೇ ಕೇಳಿಸ್ತಿತ್ತು. "ಪಾಯಸ ಮಾಡ್ದೆ. ಬಣ್ಣ ಸ್ವಲ್ಪ ಕಮ್ಮಿ ಆಯ್ತು, ಸೊಪ್ಪು ಇನ್ನೊಂದು ಹಿಡಿ ಹಾಕ್ಬೇಕಿತ್ತು" ಅಂದ್ರು.