ಮೂಲ ಸರ್ವರ್ ಮಲಗಿದಾಗ ಹಳೆಯ ದರ ತೋರಿಸಬಹುದೇ?

ಪ್ರಶ್ನೆ: ಮೆಣಸಿನಕಾಯಿ ದರ ತೋರಿಸುವ ಸಣ್ಣ ವೆಬ್‌ಸೈಟ್ ನಮ್ಮದು. ಡಬ್ಬಿ, ಕಡ್ಡಿ ತಳಿಗಳ ದರಗಳನ್ನು ಬೇರೆ ಸರ್ವರ್‌ನಿಂದ ತಂದು ರೆಡಿಸ್‌ನಲ್ಲಿ (ಮಾಹಿತಿಯನ್ನು ತಾತ್ಕಾಲಿಕವಾಗಿ ಇಡುವ ತಂತ್ರಾಂಶ) 10 ನಿಮಿಷ ಇಡುತ್ತೇವೆ. ಆ ಸರ್ವರ್ ಕೈಕೊಟ್ಟಾಗಲೆಲ್ಲ ನಮ್ಮ ಪುಟವೂ ಖಾಲಿ. ಅವಧಿ ಮುಗಿದ ದರ ತೋರಿಸಿದರೆ ತಪ್ಪೇ?
— ಓದುಗರು, ಬ್ಯಾಡಗಿ

ಉತ್ತರ: ತಪ್ಪಿಲ್ಲ, ಅದು ಯಾವ ಹೊತ್ತಿನ ದರ ಎಂದು ಜೊತೆಗೇ ಬರೆದರೆ. ಚೀಲ ಹೇರಿಕೊಂಡು ಹೊರಟ ರೈತ ನಿನ್ನೆಯ ದರವನ್ನು ಇಂದಿನದೆಂದು ನಂಬಿದರೆ ನಷ್ಟ ಅವನಿಗೆ. ‘ಬೆಳಿಗ್ಗೆ 11.40ಕ್ಕೆ ಸಿಕ್ಕ ದರ, ಹೊಸದು ಇನ್ನೂ ಬಂದಿಲ್ಲ’ ಎಂಬ ಸಾಲು ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಮಾರುಕಟ್ಟೆಗೆ ರಜೆ ಇದ್ದ ದಿನ ಸರ್ವರ್ ಸರಿಯಿದ್ದರೂ ದರ ಹಿಂದಿನ ದಿನದ್ದೇ ಇರುತ್ತದೆ. ಹಾಗಾಗಿ ನೀವು ತಂದ ಸಮಯದ ಜೊತೆ ದರದ ತಾರೀಖನ್ನೂ ತೋರಿಸಿ.

ಪುಟ ಖಾಲಿಯಾಗುವುದು ರೆಡಿಸ್‌ಗೆ ಕೊಟ್ಟ 600 ಸೆಕೆಂಡಿನ ಅವಧಿಯಿಂದ. ಅವಧಿ ಮುಗಿದ ಮಾಹಿತಿಯನ್ನು ರೆಡಿಸ್ ಮತ್ತೆ ಕೊಡುವುದಿಲ್ಲ. ಆಪತ್ತಿಗಾಗಬೇಕಾದ ದರವನ್ನು ನೀವೇ ಅಳಿಸಿದಂತಾಯಿತು. ರೆಡಿಸ್ ಅವಧಿಯನ್ನು 24 ಗಂಟೆಗೆ ಏರಿಸಿ. ದರ ತಂದ ಸಮಯವನ್ನು ದರದ ಜೊತೆಗೇ ಬರೆದಿಡಿ. ಓದುವಾಗ 10 ನಿಮಿಷ ದಾಟಿದ್ದರೆ ಮೂಲವನ್ನು ಕೇಳಿ, 2 ಸೆಕೆಂಡಿಗಿಂತ ಹೆಚ್ಚು ಕಾಯಬೇಡಿ. ಉತ್ತರ ಬರದಿದ್ದರೆ, ಅಥವಾ 500, 502, 503, 504 ಎಂಬ ಸರ್ವರ್ ದೋಷದ ಸಂಖ್ಯೆ ಬಂದರೆ, ಇದ್ದದ್ದನ್ನೇ ಕೊಟ್ಟು ಮುಂದಿನ 30 ಸೆಕೆಂಡು ಮೂಲದ ಗೊಡವೆಗೆ ಹೋಗಬೇಡಿ. ಈ ಬಿಡುವು ಇಲ್ಲದಿದ್ದರೆ ಬಂದವರೆಲ್ಲ ತಲಾ 2 ಸೆಕೆಂಡು ಕಾಯುತ್ತಾರೆ, ಏಳಲು ಹೆಣಗುತ್ತಿರುವ ಸರ್ವರ್ ಮೇಲೆ ಎಲ್ಲರ ಕೋರಿಕೆಯೂ ಒಟ್ಟಿಗೆ ಬೀಳುತ್ತದೆ. ಕೇಳಲು ಒಬ್ಬರೇ ಹೋಗುವಂತೆ ‘ಸೆಟ್ ಎನ್‌ಎಕ್ಸ್’ (ಮೊದಲೇ ಇಲ್ಲದಿದ್ದರೆ ಮಾತ್ರ ಬರೆಯುವ ರೆಡಿಸ್ ಆದೇಶ) ಬೀಗ ಹಾಕಿ, ಬೀಗಕ್ಕೂ 5 ಸೆಕೆಂಡಿನ ಅವಧಿ ಕೊಡಿ. ಇಲ್ಲವಾದರೆ ಬೀಗ ಹಿಡಿದ ಪ್ರೋಗ್ರಾಂ ನಡುವೆ ಸತ್ತರೆ ಹೊಸ ದರ ತರುವವರೇ ಇರುವುದಿಲ್ಲ.

401 ಅಥವಾ 403 (ಪ್ರವೇಶ ನಿರಾಕರಣೆ) ಬಂದರೆ ಮೂಲ ಮಲಗಿಲ್ಲ, ಬಹುಶಃ ನಿಮ್ಮ ಕೀ (ಮೂಲಕ್ಕೆ ನಿಮ್ಮ ಗುರುತು ಹೇಳುವ ಸಂಕೇತ) ಹಳತಾಗಿದೆ. ಆಗಲೂ ಹಳೆಯ ದರ ಕೊಡಿ, ಆದರೆ ನಿಮ್ಮ ಮೊಬೈಲಿಗೆ ತಕ್ಷಣ ಸೂಚನೆ ಬರಲಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ, 200, ಅಂದರೆ ‘ಎಲ್ಲ ಸರಿ’, ಎನ್ನುತ್ತಲೇ ಖಾಲಿ ಪಟ್ಟಿ ಕಳಿಸುವ ಸರ್ವರ್. ನಿಮ್ಮ ಪ್ರೋಗ್ರಾಂ ಅದನ್ನು ನಂಬಿ ಒಳ್ಳೆಯ ದರದ ಮೇಲೆಯೇ ಬರೆದುಬಿಡುತ್ತದೆ. ಬರೆಯುವ ಮುನ್ನ ಪಟ್ಟಿಯಲ್ಲಿ ಒಂದಾದರೂ ಸಾಲಿದೆಯೇ, ದರ ಸೊನ್ನೆಗಿಂತ ಹೆಚ್ಚಿದೆಯೇ ನೋಡಿ.

24 ಗಂಟೆ ದಾಟಿದರೆ ‘ದರ ಸಿಕ್ಕಿಲ್ಲ’ ಎಂದೇ ತೋರಿಸಿ. ಖಾತೆಯ ಬಾಕಿ, ಉಳಿದ ಸೀಟುಗಳಂಥ ಮಾಹಿತಿಗೆ ಈ ಉಪಾಯ ಬೇಡವೇ ಬೇಡ.

ಪ್ರಶ್ನೆ: ಎಂಜಿನ್‌ಎಕ್ಸ್‌ನಲ್ಲಿ (ವೆಬ್ ಸರ್ವರ್ ತಂತ್ರಾಂಶ) ‘ಪ್ರಾಕ್ಸಿ ಕ್ಯಾಶ್ ಯೂಸ್ ಸ್ಟೇಲ್’, ಅಂದರೆ ಮೂಲ ಕೈಕೊಟ್ಟರೆ ಹಳೆಯ ಪ್ರತಿ ಕೊಡು ಎಂಬ ಸೂಚನೆ, ಬರೆದಿದ್ದೇನೆ. ಹಗಲು ಕೆಲಸ ಮಾಡುತ್ತದೆ, ನಸುಕಿನಲ್ಲಿ ಮಾತ್ರ 502.
— ಓದುಗರು, ಹುಬ್ಬಳ್ಳಿ

ಉತ್ತರ: ‘ಪ್ರಾಕ್ಸಿ ಕ್ಯಾಶ್ ಪಾತ್’ ಸಾಲಿನ ‘ಇನ್‌ಆಕ್ಟಿವ್’ ನೋಡಿ. ಏನೂ ಬರೆಯದಿದ್ದರೆ ಅದು 10 ನಿಮಿಷ. ಅಷ್ಟು ಹೊತ್ತು ಯಾರೂ ಕೇಳದ ಪುಟವನ್ನು, ತಾಜಾ ಇದ್ದರೂ, ಎಂಜಿನ್‌ಎಕ್ಸ್ ಅಳಿಸುತ್ತದೆ. ರಾತ್ರಿ ಓದುಗರಿಲ್ಲ, ನಸುಕಿಗೆ ಕೊಡಲು ಹಳೆಯ ಪ್ರತಿಯೂ ಇಲ್ಲ. ಅದನ್ನು 2 ದಿನಕ್ಕೆ ಏರಿಸಿ. ‘ಪ್ರಾಕ್ಸಿ ಕನೆಕ್ಟ್ ಟೈಮ್‌ಔಟ್’ (ಮೂಲದ ಸಂಪರ್ಕಕ್ಕೆ ಕಾಯುವ ಸಮಯ) ತಾನಾಗಿ 60 ಸೆಕೆಂಡು ಇರುತ್ತದೆ, 3ಕ್ಕೆ ಇಳಿಸಿ.