ಹಳೇ ಬುಲೆಟ್‌ನ ಕೆಫೆ ರೇಸರ್ (ತಗ್ಗಿನ ಹ್ಯಾಂಡಲ್, ಪುಟ್ಟ ಸೀಟಿನ ಹಳೇ ರೇಸ್ ಬೈಕ್ ಸ್ಟೈಲ್) ಮಾಡಿಸ್ಬಹುದಾ? ರೆಟ್ರೊ ಜಾಕೆಟ್, ಹೆಲ್ಮೆಟ್ ಹೇಗೆ ಆರಿಸೋದು?

ಮಾಡಿಸ್ಬಹುದು, ಆದ್ರೆ ಫ್ರೇಮ್‌ಗೆ ಮಾತ್ರ ಕೈ ಹಾಕಿಸ್ಬೇಡಿ. ಹಿಂದಿನ ಭಾಗ ಕತ್ತರಿಸಿ ಲೂಪ್ (ಯು ಆಕಾರಕ್ಕೆ ಬಗ್ಗಿಸಿದ ಪೈಪ್) ವೆಲ್ಡ್ ಮಾಡಿದ್ರೆ ಲುಕ್ ಬರುತ್ತೆ ಅಂತ ಕೆಲವು ಗ್ಯಾರೇಜ್‌ನವ್ರು ಹೇಳ್ತಾರೆ, ಆದ್ರೆ ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮೋಟಾರು ವಾಹನ ಕಾಯ್ದೆ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು, ಮೇಲಾಗಿ ವೆಲ್ಡಿಂಗ್ ಸರಿಯಿಲ್ದಿದ್ರೆ ಗುಂಡಿ ರೋಡಲ್ಲಿ ಅದೇ ಜಾಗದಲ್ಲಿ ಬಿರುಕು ಬಿಡುತ್ತೆ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಸೀಟಿಗೆ ಕಂದು ರೆಕ್ಸಿನ್ ಹೊಲಿಸಿ, ಅಷ್ಟಕ್ಕೇ ಗಾಡಿ ಚಹರೆ ಬದಲಾಗುತ್ತೆ. ಬಣ್ಣ ಬದಲಾಯಿಸಿದ್ರೆ ಆರ್‌ಸಿಲೂ ತಿದ್ದಿಸ್ಬೇಕು. ಕ್ಲಿಪ್-ಆನ್ ಹ್ಯಾಂಡಲ್ (ಮುಂದಿನ ಫೋರ್ಕ್‌ಗೇ ಕೂರಿಸೋ ತಗ್ಗಿನ ಹ್ಯಾಂಡಲ್) ನಂಗಂತೂ ಬೇಡ, ಮೈಭಾರ ಎಲ್ಲಾ ಮಣಿಕಟ್ಟಿನ ಮೇಲೆ ಬೀಳುತ್ತೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕ್ಲಚ್ ಹಿಡಿದು ಹಿಡಿದು ಕೈ ಸೋತೋಗುತ್ತೆ.

ಜಾಕೆಟ್ ನೋಡುವಾಗ ಒಳಗಡೆ ಕೈ ಹಾಕಿ ಭುಜ, ಮೊಣಕೈ ಹತ್ರ ಮುಟ್ಟಿ ನೋಡಿ, ಬರೀ ಸ್ಪಂಜಿದ್ರೆ ಅದು ಫ್ಯಾಷನ್ ಜಾಕೆಟ್ ಅಷ್ಟೇ, ರೈಡಿಂಗ್ ಗೇರ್ ಅಂದ್ರೆ ಸಿಇ ಗುರುತಿರೋ (ಯುರೋಪಿನ ಸುರಕ್ಷತಾ ಗುರುತು) ಆರ್ಮರ್, ಅಂದ್ರೆ ಪೆಟ್ಟು ತಡೆಯೋ ಪ್ಯಾಡ್ ಇರ್ಬೇಕು. ಓಪನ್ ಫೇಸ್ ಹೆಲ್ಮೆಟ್ ಚೆಂದ ನಿಜ, ಆದ್ರೆ ಬಿದ್ರೆ ದವಡೆಗೆ ರಕ್ಷಣೆನೇ ಇಲ್ಲ, ಅದಕ್ಕೆ ಐಎಸ್‌ಐ ಗುರುತಿರೋ ರೆಟ್ರೊ ಫುಲ್ ಫೇಸ್ ತಗೊಳ್ಳಿ.