ಹಳೇ ಜಪಾನಿ ಗೇಮ್, ಕರೋಕೆ ಪೆಟ್ಟಿಗೆಗಳು: ಮೊದಲು ಕೆಡೋದು ಯಾವುದು?

ಪ್ರಶ್ನೆ: ನಾನು ಶಿವಮೊಗ್ಗದವನು. ಎರಡು ವರ್ಷದಿಂದ ಟೋಕಿಯೊದ ನಿಶಿ-ಕಸಾಯಿಯಲ್ಲಿದ್ದೇನೆ. ಇಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಯ ಮೂಲೆ ಬುಟ್ಟಿಯಲ್ಲಿ ಕೆಂಪು-ಬಿಳಿ ಬಣ್ಣದ ಹಳೇ ಫ್ಯಾಮಿಕಾಮ್ (ನಿಂಟೆಂಡೊದ ಟಿವಿ ಗೇಮ್ ಯಂತ್ರ), ಜೊತೆಗೆ ಅದಕ್ಕೆ ಸಿಕ್ಕಿಸುವ, ಮೈಕ್ ಇರುವ ‘ಕರೋಕೆ ಸ್ಟುಡಿಯೊ’ ಸಿಕ್ಕಿತು. ಮೇಲೆ ‘ಜಂಕು’ ಅಂತ ಚೀಟಿ ಅಂಟಿಸಿದ್ದರು. ಏಪ್ರಿಲ್‌ನಲ್ಲಿ ಊರಿಗೆ ವಾಪಸ್ ಬರುತ್ತಿದ್ದೇನೆ. ಮನೆಯ ಟಿವಿಗೆ ಹಾಕಿದರೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಆದರೆ ಅದರ ಜೊತೆ ಬಂದ ಅಡಾಪ್ಟರನ್ನು ಶಿವಮೊಗ್ಗದ ಪ್ಲಗ್ಗಿಗೆ ಯಾವ ಕಾರಣಕ್ಕೂ ಹಾಕಬೇಡಿ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಆ ಅಡಾಪ್ಟರ್ ಒಳಗಿರೋದು ಹಳೇ ಕಾಲದ ಟ್ರಾನ್ಸ್‌ಫಾರ್ಮರ್. ಈಗಿನ ಮೊಬೈಲ್ ಚಾರ್ಜರಿನಂತೆ ಎಲ್ಲಿ ಹಾಕಿದರೂ ಹೊಂದಿಕೊಳ್ಳುವ ಜಾತಿಯದಲ್ಲ. ನಾನೂ ಒಮ್ಮೆ ಮರೆತು ಹಾಕಿಬಿಟ್ಟಿದ್ದೆ. ಸುಟ್ಟ ವಾರ್ನಿಶ್ ವಾಸನೆ ಕೋಣೆಯೆಲ್ಲಾ ತುಂಬಿತು. ಅಡಾಪ್ಟರ್ ಹೋಯಿತು, ಪುಣ್ಯಕ್ಕೆ ಗೇಮ್ ಉಳಿಯಿತು.

ಮೂಲ ಅಡಾಪ್ಟರ್ ಕೊಡೋದು 10 ವೋಲ್ಟ್ ಡಿಸಿ, 850 ಮಿಲಿಆಂಪ್. ಇಲ್ಲಿ ಗಮನಿಸಬೇಕಾದ್ದು ಪಿನ್ನು. ಅದರ ನಡುಭಾಗ ಮೈನಸ್, ಹೊರಭಾಗ ಪ್ಲಸ್. ನಮ್ಮಲ್ಲಿ ರೂಟರ್ ಜೊತೆ ಬರುವ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುಗಾಮುರುಗಾ ಇರುತ್ತದೆ. ಸಂಗೀತದ ಅಂಗಡಿಗೆ ಹೋಗಿ ಗಿಟಾರ್ ಪೆಡಲ್‌ಗೆ ಹಾಕುವ 9 ವೋಲ್ಟ್ ಅಡಾಪ್ಟರ್ ಕೇಳಿ. ಅದರಲ್ಲಿ ನಡುವೆ ಮೈನಸ್ಸೇ ಇರುತ್ತದೆ. 1 ಆಂಪ್ ಕೊಡುವಂಥದ್ದು ತಗೊಳ್ಳಿ. ಫ್ಯಾಮಿಕಾಮ್ ಒಳಗಿನ ರೆಗ್ಯುಲೇಟರ್ ಹೇಗೂ ಅದನ್ನು 5 ವೋಲ್ಟ್‌ಗೆ ಇಳಿಸಿಕೊಳ್ಳುತ್ತದೆ.

ಮುಂದಿನ ತೊಡಕು ಟಿವಿ. 1983ರ ಜುಲೈನಲ್ಲಿ ಬಂದ ಈ ಫ್ಯಾಮಿಕಾಮ್‌ಗೆ ಇರೋದು ಆಂಟೆನಾ ವೈರ್ ಮಾತ್ರ. ಅದು ಜಪಾನಿನ 1 ಅಥವಾ 2ನೇ ಚಾನೆಲ್ಲಿನಲ್ಲಿ ಚಿತ್ರ ಕಳಿಸುತ್ತದೆ. ಆ ಚಾನೆಲ್‌ಗಳು 90 ಮೆಗಾಹರ್ಟ್ಸ್ ಆಸುಪಾಸಿನವು, ಅಂದರೆ ನಮ್ಮ ಎಫ್‌ಎಂ ರೇಡಿಯೊ ಬರುವ ಜಾಗ. ಹಾಗಾಗಿ ನಮ್ಮ ಟಿವಿಯಲ್ಲಿ ಎಷ್ಟು ಟ್ಯೂನ್ ಮಾಡಿದರೂ ಸಿಗೋದಿಲ್ಲ. ಒಳಗಿನಿಂದ ಎವಿ ಲೈನ್ (ಚಿತ್ರ, ಸದ್ದನ್ನು ನೇರವಾಗಿ ಟಿವಿಗೆ ಕೊಡುವ ವೈರ್) ತೆಗೆಸಬೇಕು. ಒಂದು ಟ್ರಾನ್ಸಿಸ್ಟರ್, ನಾಲ್ಕಾರು ಬಿಡಿಭಾಗಗಳ ಕೆಲಸ ಅಷ್ಟೇ. ಬೆಸುಗೆ ಗೊತ್ತಿರುವ ಟಿವಿ ರಿಪೇರಿಯವರು ಮಾಡಿಕೊಡುತ್ತಾರೆ. 1993ರಲ್ಲಿ ಎವಿ ಇರುವ ಹೊಸ ಫ್ಯಾಮಿಕಾಮ್ ಬಂತು ನಿಜ. ಆದರೆ ಅದರ ಎರಡನೇ ಕಂಟ್ರೋಲರಿನಲ್ಲಿ ಮೈಕ್ ಇಲ್ಲ. ನಿಮ್ಮ ಕೈಯಲ್ಲಿರೋದರಲ್ಲಿ ಇದೆ, ನೋಡಿ. ಸಣ್ಣ ತೂತುಗಳ ಜಾಲರಿ, ಪಕ್ಕದಲ್ಲೇ ಜಾರಿಸುವ ವಾಲ್ಯೂಮ್.

ಆ ಪುಟ್ಟ ಮೈಕ್‌ಗೆ ದೊಡ್ಡ ಕಥೆಯಿದೆ. ಯಂತ್ರಕ್ಕೆ ಅದರಿಂದ ಸದ್ದಿದೆಯೋ ಇಲ್ಲವೋ ಅನ್ನೋದಷ್ಟೇ ತಿಳಿಯುತ್ತದೆ. ಅಷ್ಟನ್ನೇ ಇಟ್ಟುಕೊಂಡು 1986ರಲ್ಲಿ ಟೈಟೊ ಕಂಪನಿ, ಹಾಸ್ಯಗಾರ ತಕೇಶಿ ಕಿತಾನೊ ಜೊತೆ ಸೇರಿ, ಮುಂದೆ ಹೋಗಬೇಕಾದರೆ ಕರೋಕೆ ಹಾಡಲೇಬೇಕಾದ ಒಂದು ಆಟ ಮಾಡಿತು. ಮರುವರ್ಷವೇ ಬಂದಾಯ್‌ನ ಕರೋಕೆ ಸ್ಟುಡಿಯೊ ಬಂತು. ಅದಕ್ಕೆ ತನ್ನದೇ ಮೈಕ್ ಇದೆ, ಒಳಗೆ 15 ಹಾಡುಗಳಿವೆ. ತಲೆಯ ಮೇಲಿನ ಚಿಕ್ಕ ಕಿಂಡಿ ನೋಡಿದಿರಾ? ಆಮೇಲೆ ಬಂದ ಎರಡು ಹೆಚ್ಚುವರಿ ಹಾಡಿನ ಕ್ಯಾಸೆಟ್‌ಗಳಿಗೆ ಮಾಡಿದ ಜಾಗ ಅದು. ಬರುವ ಮುಂಚೆ ಅಲ್ಲೇ ಹುಡುಕಿ, ಊರಿಗೆ ಬಂದ ಮೇಲೆ ಸಿಗೋದು ಕಷ್ಟ.

ಅಂದಹಾಗೆ, ಜಪಾನಿನವರೂ ಗೇಮ್ ಕ್ಯಾಸೆಟ್ಟನ್ನು ‘ಕಸೆಟ್ಟೊ’ ಅಂತಲೇ ಕರೆಯುತ್ತಾರೆ. 90ರ ದಶಕದಲ್ಲಿ ನಾವು ಟಿವಿಗೆ ಹಾಕಿ ಆಡುತ್ತಿದ್ದ ಗೇಮ್ ಡಬ್ಬಗಳು ಫ್ಯಾಮಿಕಾಮ್‌ನ ನಕಲುಗಳೇ ಅಲ್ವಾ? ಆಗಿನ 60 ಪಿನ್ನಿನ ಕ್ಯಾಸೆಟ್‌ಗಳು ಅಟ್ಟದ ಮೇಲಿದ್ದರೆ ಇಳಿಸಿ ನೋಡಿ. ಬಹಳಷ್ಟು ಇದರಲ್ಲಿ ಕೂರುತ್ತವೆ. ಆಗ ಮಾಡುತ್ತಿದ್ದಂತೆ ಬಾಯಲ್ಲಿ ಊದಬೇಡಿ. ಉಸಿರಿನ ತೇವದಿಂದ ಪಿನ್ನು ಕಿಲುಬು ಹಿಡಿಯುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ. ಮೊದಲ ಕಡ್ಡಿ ಕಾಡಿಗೆ ಮೆತ್ತಿದ ಹಾಗೆ ಕಪ್ಪಾಗುತ್ತದೆ. ಕಡ್ಡಿ ಬೆಳ್ಳಗೇ ಉಳಿಯುವವರೆಗೆ ಉಜ್ಜುತ್ತಾ ಹೋಗಿ.

ಕ್ಯಾಸೆಟ್ಟಿನ ಹಿಂದೆ ಮಾರ್ಕರ್ ಪೆನ್ನಲ್ಲಿ ಯಾವುದೋ ಮಗುವಿನ ಹೆಸರು ಬರೆದಿದ್ದರೆ ದಯವಿಟ್ಟು ಅದನ್ನು ಒರೆಸಬೇಡಿ. ಸ್ನೇಹಿತರ ಮನೆಗೆ ಒಯ್ದಾಗ ಅದಲುಬದಲಾಗದಿರಲಿ ಅಂತ ಆ ಮಕ್ಕಳು ವಕ್ರ ಅಕ್ಷರದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಹೆಸರಿದ್ದರೆ ಬೆಲೆ ಕಮ್ಮಿ ಅನ್ನುತ್ತಾರೆ ಕೆಲವರು. ನಾನು ಅಂಥದ್ದನ್ನೇ ಹುಡುಕಿ ಕೊಳ್ಳುತ್ತೇನೆ.

ಇನ್ನು ಅಂಗಡಿಯ ಚೀಟಿ. ‘ಜಂಕು’ ಅಂದರೆ ಕೆಟ್ಟಿದೆ ಅಂತಲೇ ಅಲ್ಲ, ಅಂಗಡಿಯವರು ಯಾವ ಭರವಸೆಯನ್ನೂ ಕೊಡುವುದಿಲ್ಲ ಅಂತ. ‘ದೋಸಾ ಮಿಕಾಕುನಿನ್’ ಅಂದರೆ ನಡೆಸಿ ನೋಡಿಲ್ಲ ಅಂತ. ದೋಸಾ ಅಂದರೆ ಅವರಲ್ಲಿ ಯಂತ್ರ ನಡೆಯೋದು. ನಮ್ಮ ದೋಸೆಯಿಂದಾಗಿ ಈ ಪದ ನಮಗೆ ಮರೆಯೋದೇ ಇಲ್ಲ. ‘ಹಾಕೊಸೆತ್ಸು’ ಅಂತ ಇದ್ದರೆ ಡಬ್ಬ, ಕೈಪಿಡಿ ಎರಡೂ ಇವೆ.

ಪ್ರಶ್ನೆ: ಅಣ್ಣ ಒಸಾಕಾದಿಂದ ಬರುತ್ತಿದ್ದಾನೆ. ಗೇಮ್, ಕರೋಕೆ ಎರಡೂ ಆಗುವ ಒಂದೇ ಒಂದು ಅಪರೂಪದ ಯಂತ್ರ ತರಿಸುವಷ್ಟು ದುಡ್ಡು ಕೂಡಿಟ್ಟಿದ್ದೇನೆ. ಪಯನೀರ್ ಲೇಸರ್‌ಆಕ್ಟಿವ್, ವಂಡರ್‌ಮೆಗಾ, ಡ್ರೀಮ್‌ಕಾಸ್ಟ್ ಕರೋಕೆ, ಈ ಮೂರರಲ್ಲಿ ಯಾವುದು? (ಮಂಗಳೂರಿನ ಓದುಗರು)

ಉತ್ತರ: ನಾನು ಯಾವ ಯಂತ್ರ ಕೊಳ್ಳುವಾಗಲೂ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಲ್ಲಿ ಮೊದಲು ಕೆಡೋದು ಯಾವುದು, ಅದನ್ನು ನಾನು ಸರಿಮಾಡಬಲ್ಲೆನೇ?

ಡ್ರೀಮ್‌ಕಾಸ್ಟ್ ಕರೋಕೆಯಲ್ಲಿ ಮೊದಲು ಹೋದದ್ದು ಯಂತ್ರವಲ್ಲ, ಹಾಡು. 2000ರ ಸುಮಾರಿನ ಈ ಪೆಟ್ಟಿಗೆ ಫೋನ್ ಲೈನಿನಿಂದ ಹಾಡು ಇಳಿಸಿಕೊಳ್ಳುತ್ತಿತ್ತು. ಆ ಸೇವೆ ನಿಂತು ಎಷ್ಟೋ ಕಾಲವಾಯಿತು. ಯಂತ್ರ ಹೊಸದರಂತೆ ಹೊಳೆಯುತ್ತಿದ್ದರೂ ಹಾಡಿಸೋದಿಲ್ಲ. ಬೇಡ.

ಲೇಸರ್‌ಆಕ್ಟಿವ್ ಮೇಲೆ ನನಗೆ ಪ್ರೀತಿ ಜಾಸ್ತಿ. 1993ರಲ್ಲಿ ಅದರ ಬೆಲೆ 89,800 ಯೆನ್, ಅದೂ ಬರೀ ಲೇಸರ್‌ಡಿಸ್ಕ್ (ಸಿಡಿಯಂಥದ್ದೇ ದೊಡ್ಡ ವಿಡಿಯೊ ಡಿಸ್ಕ್) ಪ್ಲೇಯರ್‌ಗೆ. ಮುಂದೆ ಒಂದು ಖಾನೆಯಿದೆ. ಅದಕ್ಕೆ ಸೆಗಾ ಪ್ಯಾಕ್ ತಳ್ಳಿದರೆ ಸೆಗಾ ಕಂಪನಿಯ ಮೆಗಾ ಡ್ರೈವ್ ಗೇಮ್, ಎನ್‌ಇಸಿ ಪ್ಯಾಕ್ ತಳ್ಳಿದರೆ ಆ ಕಂಪನಿಯ ಪಿಸಿ ಎಂಜಿನ್ ಗೇಮ್ ಆಡಬಹುದು, ಕರೋಕೆ ಪ್ಯಾಕ್ ತಳ್ಳಿದರೆ ಎರಡು ಮೈಕ್ ಹಾಕಿ ಹಾಡಬಹುದು. ಊಟದ ತಟ್ಟೆಯಷ್ಟು ಅಗಲದ ಲೇಸರ್‌ಡಿಸ್ಕ್ ಒಳಗೆ ಜಾರಿ ತಿರುಗೋಕೆ ಶುರುವಾಗುವ ಸದ್ದು ಕೇಳಿದವರಿಗೆ ಅದು ಮರೆಯೋದಿಲ್ಲ. ಆದರೆ ಸೆಗಾ, ಎನ್‌ಇಸಿ ಪ್ಯಾಕ್‌ಗಳ ಒಳಗಿನ ಕೆಪಾಸಿಟರ್‌ಗಳು (ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಗಳು) ಸೋರುತ್ತವೆ. ಬಿಚ್ಚಿ ಬೆಸುಗೆ ಕಡ್ಡಿ ತಾಗಿಸಿದರೆ ಮೀನಿನ ವಾಸನೆ ಬರುತ್ತದೆ. ಸೋರಿದ ರಸ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಎಲ್ಲಾ ಕೆಪಾಸಿಟರ್ ಬದಲಾಯಿಸಿದೆ ಅಂತ ಮಾರುವವರು ಫೋಟೊ ಸಮೇತ ತೋರಿಸಿದರೆ ಮಾತ್ರ ಯೋಚಿಸಿ. ಮಂಗಳೂರಿನ ತೇವದ ಗಾಳಿಯಲ್ಲಿ ಇಡುವ ಯಂತ್ರ ಅನ್ನೋದೂ ನೆನಪಿರಲಿ.

ನನ್ನ ಮತ ವಂಡರ್‌ಮೆಗಾಗೆ. ಸೆಗಾ ಮತ್ತು ವಿಕ್ಟರ್ ಸೇರಿ 1992ರಲ್ಲಿ 82,800 ಯೆನ್‌ಗೆ ಬಿಟ್ಟದ್ದು. ಮೆಗಾ ಡ್ರೈವ್ ಕ್ಯಾಸೆಟ್, ಮೆಗಾ ಸಿಡಿ, ಹಾಡಿನ ಸಿಡಿ ಎಲ್ಲಾ ನಡೆಯುತ್ತದೆ. ಮೈಕ್ ಹಾಕೋ ಜಾಗವೂ ಇದೆ. ಸಾಹಿತ್ಯವನ್ನು ಪರದೆ ಮೇಲೆ ತೋರಿಸುವ ಸಿಡಿ-ಜಿ ಡಿಸ್ಕ್‌ಗಳನ್ನೂ ಓದುತ್ತದೆ. ಯಾವ ಕಂಪನಿ ಮುಚ್ಚಿದರೂ, ಯಾವ ಫೋನ್ ಲೈನ್ ಕಡಿದರೂ ಇದಕ್ಕೆ ಹಾಡಿನ ಕೊರತೆಯಿಲ್ಲ. ಲೇಸರ್ ಕಣ್ಣು ಸವೆದಿರಬಹುದು. ಅಂಗಡಿಯಲ್ಲೇ ಒಂದು ಸಿಡಿಯನ್ನು ಕೊನೆಯ ಹಾಡಿನ ತನಕ ಓಡಿಸಿ ನೋಡಲು ಅಣ್ಣನಿಗೆ ಹೇಳಿ. ಇಲ್ಲಿ ಅದನ್ನು 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕವೇ ನಡೆಸಿ.

ಪ್ರಶ್ನೆ: ಮದುವೆಯಾಗಿ ಕೋಬೆಯಲ್ಲಿದ್ದೇನೆ. ಅತ್ತೆಯವರ ಬೀರುವಿನಲ್ಲಿ ಒಂದು 8 ಟ್ರ್ಯಾಕ್ (ಕೊನೆಯಿಲ್ಲದೆ ಸುತ್ತುವ ಹಳೇ ಟೇಪಿನ) ಕರೋಕೆ ಪೆಟ್ಟಿಗೆ, ಹತ್ತು-ಹನ್ನೆರಡು ದಪ್ಪ ಟೇಪ್‌ಗಳು ಸಿಕ್ಕಿವೆ. ನಡೆಸಿ ನೋಡಲೇ?

ಉತ್ತರ: ಸ್ವಲ್ಪ ತಡೆಯಿರಿ ಮೇಡಂ. ನೀವಿರುವ ಊರೇ ಇದರ ತವರು. 1971ರಲ್ಲಿ ಕೋಬೆಯ ಬಾರುಗಳಲ್ಲಿ ವಾದ್ಯ ನುಡಿಸುತ್ತಿದ್ದ ದೈಸುಕೆ ಇನೊಯೆ, ಕಾರಿನ 8 ಟ್ರ್ಯಾಕ್ ಸ್ಟೀರಿಯೊ, ಆಂಪ್ಲಿಫೈಯರ್, ನಾಣ್ಯದ ಡಬ್ಬಿ ಜೋಡಿಸಿ 11 ಪೆಟ್ಟಿಗೆ ಮಾಡಿಸಿ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ. ಅದಕ್ಕೂ ಮುಂಚೆ, 1967ರಲ್ಲಿ, ಟೋಕಿಯೊದಲ್ಲಿ ಶಿಗೆಯಿಚಿ ನೆಗಿಶಿ ಇಂಥದ್ದೇ ಒಂದನ್ನು ಮಾಡಿದ್ದರು. ನಿಮ್ಮ ಬೀರುವಿನಲ್ಲಿರೋದು ಅದೇ ವಂಶದ್ದು.

ಈ ಟೇಪ್‌ಗಳಲ್ಲಿ ಮೊದಲು ಕೆಡೋದು ಮೂರು. ಒತ್ತುವ ರಬ್ಬರ್ ಚಕ್ರ ಪೆಟ್ಟಿಗೆಯಲ್ಲಲ್ಲ, ಟೇಪಿನ ಒಳಗೇ ಇರುತ್ತದೆ. ಕೆಲವು ಕರಗಿ ಹಳೇ ಬೆಲ್ಲದ ಹಾಗೆ ಅಂಟಾಗಿರುತ್ತವೆ. ಟೇಪಿನ ಹಿಂದಿನ ಸ್ಪಂಜು ಮುಟ್ಟಿದರೆ ಪುಡಿಯಾಗುತ್ತದೆ. ಟೇಪಿನ ಎರಡು ತುದಿ ಸೇರಿಸಿರುವ ಲೋಹದ ಪಟ್ಟಿಯ ಗೋಂದು ಒಣಗಿರುತ್ತದೆ. ಹಾಗೇ ನಡೆಸಿದರೆ ಆ ಬೆಸುಗೆ ಬಿಟ್ಟುಕೊಂಡು ಟೇಪು ಸುರುಳಿಯೊಳಗೆ ಸೇರಿಬಿಡುತ್ತದೆ. ಮೊದಲು ಬೆರಳಲ್ಲಿ ನಿಧಾನಕ್ಕೆ ಎಳೆಯುತ್ತಾ ಆ ಪಟ್ಟಿ ಕಾಣುವವರೆಗೆ ಬನ್ನಿ, ಹೊಸ ಪಟ್ಟಿ ಹಾಕಿ. ಸ್ಪಂಜು ಬದಲಾಯಿಸಿ. ಚಕ್ರ ಅಂಟಾಗಿರುವ ಟೇಪನ್ನು ಪೆಟ್ಟಿಗೆಗೆ ಹಾಕಲೇಬೇಡಿ, ಒಳಗೆಲ್ಲಾ ಮೆತ್ತಿಕೊಳ್ಳುತ್ತದೆ.

ಲೇಬಲ್ ಉದುರಿದ ಟೇಪ್‌ಗಳಿದ್ದರೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೇ ಕೇಳಿಸಿ, ಯಾವ ಹಾಡು ಅಂತ ಬರೆದಿಟ್ಟುಕೊಳ್ಳಿ. ಟೇಪಿನಲ್ಲಿರೋದು ವಾದ್ಯ ಮಾತ್ರ, ಹಾಡೋ ದನಿ ಇರೋದಿಲ್ಲ. ಆ ರಾಗಕ್ಕೆ ಯಾವ ಸಾಹಿತ್ಯ ಅನ್ನೋದು ಗೊತ್ತಿರೋದು ಅವರಿಗೇ.